ಹಿಮ ಬಂತು, ಹಲಗೆ ಇರಲಿಲ್ಲ

ಜನವರಿಯಲ್ಲಿ ಹತ್ತು ಡಿಗ್ರಿ ಬಿಸಿಲು ಬಂದರೆ ಅಮೆರಿಕದ ಬಫಲೋ ಊರಿನ ಜನ ಅಂಗಳಕ್ಕಿಳಿದು ಒಬ್ಬರಿಗೊಬ್ಬರು ಅಭಿನಂದನೆ ಹೇಳಿಕೊಳ್ಳುತ್ತಾರೆ. ಹುಲ್ಲು ಹಸಿರಾಗಿದೆ, ಗ್ಯಾಸ್ ಬಿಲ್ಲು ಇಳಿದಿದೆ, ನಾಯಿಗೆ ಸ್ವೆಟರ್ ಬೇಕಿಲ್ಲ. ಅಂಥ ಹೊತ್ತಿನಲ್ಲಿ ಸೂತಕದ ಮುಖ ಹೊತ್ತು ಓಡಾಡುವವರು ಊರಲ್ಲಿ ಕೆಲವರೇ. ನಾನು ಆ ಪಂಗಡದವನು. ನಮಗೆ ಬೇಕಾದದ್ದು ಹಿಮ. ಬಿದ್ದರೆ ಮೊಣಕಾಲು ಮುಳುಗುವಷ್ಟು ಬೀಳಬೇಕು, ಸಾಧ್ಯವಾದರೆ ಪಕ್ಕದ ಬಡಾವಣೆಗಿಂತ ಒಂದಿಂಚಾದರೂ ಹೆಚ್ಚು ಬೀಳಬೇಕು.

ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ವಿಜ್ಞಾನ ಮೇಷ್ಟ್ರು, ಒಬ್ಬ ಪ್ಲಂಬರ್, ಒಬ್ಬಳು ದಂತವೈದ್ಯೆ, ಮತ್ತೆ ಕೊಪ್ಪದ ಕಡೆಯ ಕಾಫಿ ತೋಟದಿಂದ ಬಂದ ನಾನು. ಬಾಯಿಗೆ ಅರಿವಳಿಕೆ ಚುಚ್ಚಿ, ಅದು ಹತ್ತುವವರೆಗೆ ರೋಗಿಗೆ ಗಾಳಿಯ ನಕ್ಷೆ ತೋರಿಸುವ ದಂತವೈದ್ಯೆ ಆಕೆ. ರೋಗಿಗೆ ಮಾತಾಡಲು ಬರುವುದಿಲ್ಲವಾದ್ದರಿಂದ ಆಕ್ಷೇಪಣೆ ಬಂದಿಲ್ಲ.

ಈ ಕಾಯಿಲೆಗೆ ಕಾರಣ ಈರಿ ಸರೋವರ. ಅದು ಪಶ್ಚಿಮ ನೈರುತ್ಯದಿಂದ ಪೂರ್ವ ಈಶಾನ್ಯಕ್ಕೆ ಸುಮಾರು 390 ಕಿಲೋಮೀಟರ್ ಉದ್ದ ಮಲಗಿದೆ. ಬಫಲೋ ಇರುವುದು ಅದರ ಪೂರ್ವದ ತುದಿಯಲ್ಲಿ. ಕೆನಡಾದ ಕಡೆಯಿಂದ ಕೊರೆಯುವ ಗಾಳಿ ಬಂದು ಆ ಉದ್ದಕ್ಕೂ ನೀರಿನ ಮೇಲೆ ಹಾದರೆ, ಕೆಳಗಿನಿಂದ ಬಿಸಿಯನ್ನೂ ಹಬೆಯನ್ನೂ ಹೀರಿಕೊಂಡು ಮೇಲೇರಿ ಮೋಡವಾಗುತ್ತದೆ, ದಡ ಮುಟ್ಟಿದ್ದೇ ಸುರಿಯುತ್ತದೆ. ಸರೋವರದ ನೀರಿಗೂ ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿಗೂ ಕನಿಷ್ಠ 13 ಡಿಗ್ರಿ ಸೆಲ್ಸಿಯಸ್ ಅಂತರ ಬೇಕು ಎಂಬುದು ನಮ್ಮ ಗುಂಪಿನ ಗಾಯತ್ರಿ. ಸರೋವರ ಹೆಪ್ಪುಗಟ್ಟಿತೋ, ಆಟ ಬಹುಪಾಲು ಮುಗಿಯಿತು. ಆದ್ದರಿಂದ ಬೆಚ್ಚಗಿನ ವಾರಗಳಲ್ಲಿ ನಾವು ಹೊರಗೆ ಅಳುತ್ತಿದ್ದರೂ ಒಳಗೊಳಗೇ ಲೆಕ್ಕ ಹಾಕುತ್ತಿರುತ್ತೇವೆ: ನೀರು ಇನ್ನೂ ತೆರೆದಿದೆ, ಬಿಸಿ ಉಳಿದಿದೆ, ಗಾಳಿ ಬರಲಿ. (ಹೆಪ್ಪುಗಟ್ಟಿದ ಮೇಲೂ ಭರವಸೆ ಇಲ್ಲವೆಂದಲ್ಲ. 1977ರ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಶೇಖರವಾಗಿದ್ದ ಹಿಮವನ್ನೇ ಬಿರುಗಾಳಿ ಎತ್ತಿ ತಂದು ಊರಿನ ಮೇಲೆ ಹೊಯ್ದಿತ್ತು. ಆದರೆ 2022ರ ಕ್ರಿಸ್ಮಸ್ ಹೊತ್ತಿನ ಹಿಮಬಿರುಗಾಳಿಯಲ್ಲಿ ಈ ಕೌಂಟಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅದರ ಬಗ್ಗೆ ನಮ್ಮ ಗುಂಪಿನಲ್ಲಿ ಯಾರೂ ಕುಶಾಲು ಮಾಡುವುದಿಲ್ಲ.)

ತೊಂದರೆ ಏನೆಂದರೆ ಈ ಮೋಡ ಊರಿಗೆಲ್ಲ ಸಮನಾಗಿ ಹಂಚುವ ಜಾತಿಯದಲ್ಲ. ಉದ್ದ ಬೇಕಾದಷ್ಟು, ಅಗಲ ಇಪ್ಪತ್ತು ಮೂವತ್ತು ಕಿಲೋಮೀಟರ್ ಇದ್ದರೆ ಹೆಚ್ಚು. ಯಾರೋ ತುದಿ ಹಿಡಿದುಕೊಂಡು ಆಡಿಸುವ ನೀರಿನ ಪೈಪಿನ ಹಾಗೆ, ಗಾಳಿ ಹತ್ತು ಡಿಗ್ರಿ ತಿರುಗಿದರೆ ಬೀಳುವ ಊರೇ ಬೇರೆ. 2014ರ ನವೆಂಬರಿನಲ್ಲಿ ದಕ್ಷಿಣದ ಬಡಾವಣೆಗಳಲ್ಲಿ ಐದು ಅಡಿಗೂ ಮೀರಿ ಬಿತ್ತು, ಉತ್ತರದವರಿಗೆ ಸಿಕ್ಕಿದ್ದು ಕೆಲವೇ ಇಂಚು. 2022ರ ನವೆಂಬರಿನಲ್ಲಿ ಅದೇ ದಕ್ಷಿಣದ ಆರ್ಚರ್ಡ್ ಪಾರ್ಕಿನಲ್ಲಿ 80 ಇಂಚು ಬಿದ್ದು, ಅಲ್ಲಿನ ಸ್ಟೇಡಿಯಮ್ಮಿನಲ್ಲಿ ನಡೆಯಬೇಕಿದ್ದ ಫುಟ್‌ಬಾಲ್ ಪಂದ್ಯವನ್ನು ಡೆಟ್ರಾಯಿಟ್‌ಗೆ ಒಯ್ದರು. ನಮ್ಮ ಮನೆ ಇರುವುದು ಉತ್ತರದ ಆಮ್‌ಹರ್ಸ್ಟ್‌ನಲ್ಲಿ. ಮನೆ ಕೊಳ್ಳುವಾಗ ಏಜೆಂಟ್ ಹೆಮ್ಮೆಯಿಂದ ಹೇಳಿದ್ದ, ‘ಇಲ್ಲಿ ಹಿಮ ಕಡಿಮೆ.’ ಆಗ ನನಗೆ ಈ ಹುಚ್ಚು ಇರಲಿಲ್ಲ, ಸಂತೋಷದಿಂದ ಸಹಿ ಹಾಕಿದ್ದೆ.

ಹುಚ್ಚು ಇರಲಿಲ್ಲ ಎಂದರೆ ಅಮ್ಮ ಒಪ್ಪುವುದಿಲ್ಲ. ಅದು ಅಪ್ಪನಿಂದ ಬಂದ ಆಸ್ತಿ. ಕಾಫಿ ತೋಟದವರ ಮನೆಯಂಗಳದಲ್ಲಿ ತುಳಸಿಕಟ್ಟೆಯಷ್ಟೇ ಖಾಯಂ ಆಗಿ ಒಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆಯುವುದು, ಆಮೇಲೆ ಸುತ್ತಲಿನ ತೋಟಗಳಿಗೆ ಫೋನು. ‘ನಿಮ್ಮಲ್ಲಿ ಎಷ್ಟು?’ ‘ಒಂದು ಇಪ್ಪತ್ತು.’ ಒಂದು ಇಂಚು ಇಪ್ಪತ್ತು ಸೆಂಟು ಎಂದರ್ಥ. ಇಂಚಿನ ನೂರನೇ ಒಂದು ಭಾಗ ಸೆಂಟು. ಮೆಟ್ರಿಕ್ ಪದ್ಧತಿ ಇನ್ನೂ ಘಾಟಿ ಹತ್ತಿಲ್ಲ. ಮಾರ್ಚಿನ ಹೂಮಳೆ ಎದುರಿನ ಗುಡ್ಡದ ತೋಟಕ್ಕೆ ಸುರಿದು, ಬೇಲಿಯ ಈಚೆ ಹನಿಯೂ ಉದುರದೆ ಹೋದ ದಿನ ಅಪ್ಪ ಮಧ್ಯಾಹ್ನದ ಊಟದಲ್ಲಿ ಮಜ್ಜಿಗೆ ಬಿಟ್ಟಿದ್ದರು. ಯಾರ ಮೇಲೆ ಸಿಟ್ಟು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಒಂದು ಚಳಿಗಾಲದಲ್ಲಿ ಅಮ್ಮ ನಮ್ಮ ಜೊತೆಗಿದ್ದರು. ಆರ್ಕ್ಟಿಕ್ ಗಾಳಿ ಇಳಿಯುವ ಸುದ್ದಿ ಬಂದಾಗಿನಿಂದ ನನ್ನ ದಿನಚರಿ ಅವರಿಗೆ ಆತಂಕ ತಂದಿತ್ತು. ಅಮೆರಿಕದ ಹವಾಮಾನ ಮಾಡೆಲ್ ರಾತ್ರಿ ಹತ್ತೂವರೆಗೆ ಬರಲು ಶುರುವಾಗುತ್ತದೆ, ಯುರೋಪಿನದು ಮಧ್ಯರಾತ್ರಿ ಕಳೆದು ಒಂದು ಗಂಟೆಗೆ. ನಾವು ಅದನ್ನು ಮುದ್ದಾಗಿ ಯೂರೋ ಎನ್ನುತ್ತೇವೆ. ‘ಯೂರೋ ಇಳೀತು’, ‘ಯೂರೋ ಮತ್ತೆ ಮೇಲೆ ಹೋಯ್ತು, ದೇವರಿದ್ದಾನೆ’ ಎಂದು ನಾನು ಕತ್ತಲಲ್ಲಿ ಫೋನಿಗೆ ಪಿಸುಗುಟ್ಟುವುದನ್ನು ಕೇಳಿಸಿಕೊಂಡ ಅಮ್ಮ ಬೆಂಗಳೂರಿನ ತಂಗಿಗೆ ಹೇಳಿದರು: ‘ನಿಮ್ಮಣ್ಣ ಎಂಥದೋ ಸಟ್ಟಾ ವ್ಯಾಪಾರಕ್ಕೆ ಬಿದ್ದಿದ್ದಾನೆ. ಮುಖ ನೋಡಿದ್ರೆ ದುಡ್ಡು ಹೋದ ಹಾಗೇ ಉಂಟು.’

ಇನ್ನು ಅನುಷ್ಠಾನಗಳು. ಪೈಜಾಮ ಒಳಗುಹೊರಗು ಮಾಡಿ ತೊಡುವುದು, ದಿಂಬಿನಡಿ ಚಮಚ ಇಡುವುದು, ಕಮೋಡಿಗೆ ಐಸ್ ತುಂಡು ಹಾಕಿ ಫ್ಲಶ್ ಮಾಡುವುದು. ಇವೆಲ್ಲ ಶಾಲೆಗೆ ರಜೆ ಬರಲೆಂದು ಇಲ್ಲಿನ ಮಕ್ಕಳು ಮಾಡುವ ಹಿಮದ ಹರಕೆಗಳು. ನನ್ನ ಮಗಳು ನಾಲ್ಕನೇ ಕ್ಲಾಸಿಗೇ ಇದೆಲ್ಲ ಬಿಟ್ಟಳು. ನಾನು ಮುಂದುವರಿಸಿದ್ದೇನೆ. ಕಾರಣ ಕೇಳಿದ ಅಮ್ಮ ಸ್ವಲ್ಪ ಯೋಚಿಸಿ, ‘ಕಪ್ಪೆಗೆ ಮದುವೆ ಮಾಡ್ಸೋದಕ್ಕಿಂತ ಖರ್ಚು ಕಡಿಮೆ’ ಎಂದರು.

ಮುನ್ಸೂಚನೆ ಗಟ್ಟಿಯಾಯಿತು: ಹಿಮಪಟ್ಟಿ ದಕ್ಷಿಣದ ಮೇಲೆ ಕೂರುತ್ತದೆ. ಎರಡು ಮೂರು ಅಡಿ. ಉತ್ತರಕ್ಕೆ ಯಥಾಪ್ರಕಾರ ಒಣಗಾಳಿ. ಮೋಡ ನನ್ನ ಹತ್ತಿರ ಬರದಿದ್ದರೆ ನಾನೇ ಮೋಡದ ಹತ್ತಿರ ಹೋಗುತ್ತೇನೆ ಎಂದು ತೀರ್ಮಾನಿಸಿದೆ. ಮೇಷ್ಟ್ರ ಮನೆ ಆರ್ಚರ್ಡ್ ಪಾರ್ಕಿನಲ್ಲಿ. ಅವರ ಸ್ನೋಬ್ಲೋಯರ್, ಅಂದರೆ ಹಿಮ ಎತ್ತಿ ಎಸೆಯುವ ಯಂತ್ರ, ಕೆಟ್ಟಿತ್ತು. ನನ್ನದನ್ನು ತಂದರೆ ಮಲಗಲು ಸೋಫಾ, ತಿನ್ನಲು ಸೂಪು ಎಂಬ ಒಪ್ಪಂದವಾಯಿತು.

ಜೊತೆಗೆ ಹಲಗೆಯನ್ನೂ ಕಾರಿಗೆ ಹಾಕಿದೆ. ಹಿಮ ಅಳೆಯುವುದೆಂದರೆ ಹುಲ್ಲಿಗೆ ಸ್ಕೇಲು ಚುಚ್ಚುವುದು ಎಂದು ತಿಳಿದವರು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು. ಬಿಳಿ ಬಣ್ಣ ಬಳಿದ ಪ್ಲೈವುಡ್ ಹಲಗೆ ಬೇಕು, ಅದರ ಮೇಲೆ ಬಿದ್ದದ್ದನ್ನು ಅಳೆದು ಒರೆಸಬೇಕು. ಆರು ಗಂಟೆಗೊಮ್ಮೆ ಒರೆಸಬಹುದು, ಅದಕ್ಕಿಂತ ಬೇಗ ಕೂಡದು. ಪದೇಪದೇ ಒರೆಸಿದರೆ ಹಿಮ ತನ್ನ ಭಾರಕ್ಕೆ ಕುಸಿಯಲು ಸಮಯ ಸಿಗದೆ ಲೆಕ್ಕ ಉಬ್ಬುತ್ತದೆ. 1997ರ ಜನವರಿಯಲ್ಲಿ ಇದೇ ರಾಜ್ಯದ ಮಾಂಟೆಗ್ಯೂ ಎಂಬಲ್ಲಿ 24 ಗಂಟೆಯಲ್ಲಿ 77 ಇಂಚು ಅಳೆದರು. ರಾಷ್ಟ್ರೀಯ ದಾಖಲೆಯಾಗಬೇಕಿತ್ತು. ನಾಲ್ಕು ಸಲದ ಬದಲು ಆರು ಸಲ ಅಳೆದಿದ್ದಾರೆಂದು ಸಮಿತಿ ಅದನ್ನು ತಳ್ಳಿಹಾಕಿತು. ಈ ಕಥೆ ಹೇಳುವಾಗ ಮೇಷ್ಟ್ರ ಕಣ್ಣು ಈಗಲೂ ತುಂಬುತ್ತದೆ.

‘ಸ್ನೋಬ್ಲೋಯರ್ ಒಯ್ದರೆ ಇಲ್ಲಿ ಬಿದ್ದಾಗ ಏನು ಮಾಡೋದು?’ ಎಂದಳು ಹೆಂಡತಿ. ನಾನು ನಕ್ಕೆ. ಇಲ್ಲಿ ಬೀಳುವುದಿಲ್ಲ ಎಂಬುದಕ್ಕೆ ಗಾಳಿಯ ದಿಕ್ಕು, 13 ಡಿಗ್ರಿ, ಸರೋವರದ ಅಕ್ಷ ಎಲ್ಲವನ್ನೂ ಹೇಳಿ, ಅವಳು ಪಾತ್ರೆ ತೊಳೆಯಲು ಹೋದ ಮೇಲೂ ಸ್ವಲ್ಪ ಹೊತ್ತು ಹೇಳುತ್ತಲೇ ಇದ್ದೆ.

ಆರ್ಚರ್ಡ್ ಪಾರ್ಕಿನಲ್ಲಿ ಸಂಜೆ ಹಲಗೆಯನ್ನು ಮಟ್ಟ ನೋಡಿ ಇಟ್ಟೆವು. ಸ್ನೋಬ್ಲೋಯರ್‌ಗೆ ಪೆಟ್ರೋಲು ತುಂಬಿದೆವು. ಕಿಟಕಿಯ ಹೊರಗಿನ ದೀಪ ಹಾಕಿದೆವು. ಬೀಳುವ ಹಿಮವನ್ನು ದೀಪದ ಬೆಳಕಲ್ಲೇ ನೋಡಬೇಕು, ಅದು ಕ್ರಮ. ಒಂಬತ್ತು ಗಂಟೆಗೆ ನಾಲ್ಕು ಹಳಕು ಇಳಿದವು. ಮೇಷ್ಟ್ರು ಎದ್ದು ನಿಂತರು. ಹತ್ತು ಗಂಟೆಗೆ ಆಕಾಶ ತಿಳಿಯಾಗಿ ಚಂದ್ರ ಬಂದ. ಎಂಥ ಚಂದ್ರ ಅಂತೀರಿ! ಪ್ರೇಮಿಗಳಿಗೆ ಸಿಕ್ಕಿದ್ದರೆ ಒಂದು ಭಾವಗೀತೆಯಾದರೂ ಆಗುತ್ತಿತ್ತು. ನಾವಿಬ್ಬರೂ ಅವನನ್ನು ನೋಡಿ ಹಲ್ಲು ಕಡಿದೆವು.

ಗಾಳಿ ನೈರುತ್ಯಕ್ಕೆ ತಿರುಗಿತ್ತು. ಹಿಮಪಟ್ಟಿ ಉತ್ತರಕ್ಕೆ ಜಾರಿತ್ತು. ಅಂಗಳದಿಂದ ನೋಡಿದರೆ ಆ ದಿಕ್ಕಿಗೆ ಮೋಡದ ಗೋಡೆ, ಅದರೊಳಗೆ ನೀಲಿ ಮಿಂಚು. ಹಿಮ ಬೀಳುವಾಗ ಗುಡುಗುವುದು ಅಪರೂಪ. ನಮ್ಮವರು ಅದೊಂದು ಅನುಭವಕ್ಕಾಗಿ ಜೀವಮಾನವಿಡೀ ಕಾಯುತ್ತಾರೆ. ಮೇಷ್ಟ್ರು ರೇಡಾರ್ ನೋಡಿ ಕನ್ನಡಕ ಒರೆಸಿಕೊಂಡು ಮೆಲ್ಲಗೆ ಕೇಳಿದರು, ‘ನಿನ್ನ ಮನೆ ಯಾವ ರಸ್ತೆ ಅಂದೆ?’

ನಾನು ಫೋನು ಮಾಡಿದೆ. ಹೆಂಡತಿ ಎತ್ತಲಿಲ್ಲ. ಒಂದು ಫೋಟೋ ಕಳಿಸಿದಳು. ಅದರಲ್ಲಿ ಹಿಮ ಇರಲಿಲ್ಲ, ಸಲಿಕೆ ಹಿಡಿದು ಬೊಬ್ಬೆ ಎದ್ದ ಅಂಗೈ ಇತ್ತು. ಆಮೇಲೆ ಅಮ್ಮನೇ ಮಾತಾಡಿದರು. ‘ಇಲ್ಲಿ ಭರ್ತಿ ಬೀಳ್ತಾ ಉಂಟು ಮಾರಾಯ. ಗುಡುಗೂ ಉಂಟು. ನೀನು ಯಾಕೆ ಅಲ್ಲಿಗೆ ಹೋದದ್ದು?’

‘ಅಮ್ಮಾ, ಅಳೀಬೇಕು! ಯಾವುದಾದ್ರೂ ಹಲಗೆ ಇಡು!’

‘ಹಲಗೆ ನೀನೇ ತಗೊಂಡು ಹೋದ್ಯಲ್ಲ. ನೀನು ಚಿಂತೆ ಮಾಡಬೇಡ, ನಾನು ನೋಡ್ಕೊಳ್ತೇನೆ. ನಿಮ್ಮಪ್ಪಂದು ಮಾಡಿ ಅಭ್ಯಾಸ ಇಲ್ವಾ.’ ಫೋನು ಇಟ್ಟರು.

ಕೂಡಲೇ ಕಾರು ಹತ್ತಬೇಕೆಂದರೆ ಉತ್ತರದ ಬಡಾವಣೆಗಳಲ್ಲಿ ವಾಹನ ಸಂಚಾರ ನಿಷೇಧಿಸಿದ್ದರು. ಇಡೀ ರಾತ್ರಿ ಬೆಳದಿಂಗಳಲ್ಲಿ ಸೋಫಾದ ಮೇಲೆ ಕೂತು, ನನ್ನದೇ ಅಂಗಳದ ಮೇಲೆ ಕದಲದೆ ನಿಂತ ಹಿಮಪಟ್ಟಿಯನ್ನು ರೇಡಾರಿನಲ್ಲಿ ನೋಡಿದೆ. ಬೆಳಗಿನ ಏಳು ಗಂಟೆಗೆ ನಮ್ಮ ಹಲಗೆಯ ಲೆಕ್ಕವನ್ನು ಮೇಷ್ಟ್ರು ಪುಸ್ತಕದಲ್ಲಿ ಬರೆದರು: ‘ಟ್ರೇಸ್.’ ಬಿದ್ದದ್ದು ಹೌದು, ಅಳೆಯುವಷ್ಟಿಲ್ಲ ಎಂದರ್ಥ.

ಮಧ್ಯಾಹ್ನ ನಿಷೇಧ ತೆಗೆದರು. ಸ್ನೋಬ್ಲೋಯರ್ ಹೇರಲು ಹೊತ್ತಾಗುತ್ತದೆಂದು ಅದನ್ನೂ ಹಲಗೆಯನ್ನೂ ಅಲ್ಲೇ ಬಿಟ್ಟು ಹೊರಟೆ. ಚೀಕ್ಟವಾಗಾ ಹತ್ತಿರ ಹೆದ್ದಾರಿಯಲ್ಲಿ ಥಟ್ಟನೆ ಎದುರಿನ ಲಾರಿ ಮಾಯವಾಯಿತು. ಬಾನೆಟ್ಟೂ ಮಾಯ. ಗಾಳಿ ಮತ್ತೆ ಪಶ್ಚಿಮಕ್ಕೆ ತಿರುಗಿ ಹಿಮಪಟ್ಟಿ ದಕ್ಷಿಣಕ್ಕೆ ವಾಪಸು ಹೊರಟಿತ್ತು, ನಾನು ಉತ್ತರಕ್ಕೆ. ದಾರಿಯಲ್ಲಿ ಭೇಟಿಯಾದೆವು. ಸ್ಟಿಯರಿಂಗ್ ಅವಚಿಕೊಂಡು, ಇಪ್ಪತ್ತು ಮೈಲಿ ವೇಗದಲ್ಲಿ, ಬಾಯಿಗೆ ಬಂದ ದೇವರನ್ನೆಲ್ಲ ಕರೆಯುತ್ತಾ, ಯಾವ ಹಿಮಕ್ಕಾಗಿ ಚಮಚದ ಮೇಲೆ ಮಲಗಿದ್ದೆನೋ ಅದನ್ನು ನಿಲ್ಲಿಸೆಂದು ಬೇಡಿಕೊಂಡೆ. ನಿಂತಿತು. ಮನೆ ತಲುಪುವಾಗ ಬಿಸಿಲು.

ಡ್ರೈವ್‌ವೇ ಮುಂದೆ ಎದೆಮಟ್ಟದ ಗುಡ್ಡೆ. ಪಕ್ಕದ ಮನೆಯವರು ಮುಖ ಬೇರೆ ಕಡೆ ತಿರುಗಿಸಿದರು. ನಗುವುದು ಭುಜದಲ್ಲಿ ಕಾಣುತ್ತಿತ್ತು. ಆಗ ಫೋನಿಗೆ ಮೇಷ್ಟ್ರ ಸಂದೇಶ ಬಂತು: ‘ಇಲ್ಲಿ ಗಂಟೆಗೆ ಮೂರು ಇಂಚು! ನಿನ್ನ ಹಲಗೆ ಬಹಳ ಒಳ್ಳೆಯದು. ಸ್ನೋಬ್ಲೋಯರ್ ಕೂಡ.’

ಒಳಗೆ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ನನ್ನ ಮಳೆಮಾಪಕ ಇಟ್ಟುಕೊಂಡು ಕೂತಿದ್ದರು. ನಾಲ್ಕು ಇಂಚು ವ್ಯಾಸದ ಪ್ಲಾಸ್ಟಿಕ್ಕಿನದು. 1997ರ ಫೋರ್ಟ್ ಕಾಲಿನ್ಸ್ ನೆರೆಯ ಮರುವರ್ಷ ಕೊಲೊರಾಡೊದಲ್ಲಿ ಶುರುವಾದ ಮಳೆ ಅಳೆಯುವ ಸ್ವಯಂಸೇವಕರ ಜಾಲದವರೆಲ್ಲ ಇಂಥದ್ದನ್ನೇ ಇಟ್ಟುಕೊಳ್ಳುತ್ತಾರೆ. ರಾತ್ರಿಯಿಡೀ ಕೊಳವೆ ತುಂಬಿದಾಗಲೆಲ್ಲ ಅಮ್ಮ ಶಾಲು ಹೊದ್ದು ಹೊರಗೆ ಹೋಗಿ, ಆಷಾಢದ ರಾತ್ರಿಗಳಲ್ಲಿ ಅಪ್ಪ ಮಾಡುತ್ತಿದ್ದ ಹಾಗೆಯೇ ಬರಿದು ಮಾಡಿ ತಂದು, ಪಾತ್ರೆಯಲ್ಲಿ ಕರಗಿಸಿ, ಆವಿ ಹೋಗದಂತೆ ಮುಚ್ಚಿಟ್ಟು, ಕೊನೆಗೆ ಒಳನಳಿಕೆಗೆ ಹೊಯ್ದು ಅಳೆದಿದ್ದರು. ಹಿಮದ ನೀರಿನ ಲೆಕ್ಕವನ್ನು ಕೈಪಿಡಿ ಹೇಳುವುದೂ ಹೆಚ್ಚುಕಮ್ಮಿ ಹೀಗೆಯೇ. ಅವರು ಕೈಪಿಡಿ ಓದಿರಲಿಲ್ಲ.

ಪುಸ್ತಕದಲ್ಲಿ ಬರೆದಿತ್ತು: ‘ಉತ್ತರಾಷಾಢ ಮಳೆ. 1 ಇಂಚು 40 ಸೆಂಟು. ಸಾಧಾರಣ.’

‘ಅಮ್ಮಾ, ಸರೋವರದ ಹಿಮ ಹಗುರ, ಒಂದಿಂಚು ನೀರಿಗೆ ಇಪ್ಪತ್ತು ಇಂಚು ಹಿಮ! ಇದು ಇಪ್ಪತ್ತೆಂಟು ಇಂಚು! ಎತ್ತರ ಅಳೆದಿದ್ರೆ ನನ್ನ ಜೀವಮಾನದ ದಾಖಲೆ!’

‘ಎತ್ತರ ತಗೊಂಡು ಎಂಥ ಮಾಡ್ತೀಯ? ಗಾಳಿ ತುಂಬಿದ್ದು. ನೀರು ಎಷ್ಟು ಅಂತಲ್ವಾ ಲೆಕ್ಕ?’ ಎಂದರು ಅಮ್ಮ. ‘ಒಂದು ನಲವತ್ತಕ್ಕೆ ಊರಿನವರೆಲ್ಲ ರಸ್ತೆ ಬಂದ್ ಮಾಡಿ ಕೂತ್ರಲ್ಲ. ಆಗುಂಬೆಯವರು ಕೇಳಿದ್ರೆ ನಗ್ತಾರೆ.’

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಊರಿನ ಹೆಸರು ಎತ್ತಿದ ಮೇಲೆ ವಾದಕ್ಕೆ ಜಾಗವಿಲ್ಲ. ನನ್ನ ದಾಖಲೆ ಪುಸ್ತಕದಲ್ಲಿ ಆ ದಿನದ ಹಿಮದ ಎತ್ತರದ ಕಲಂನಲ್ಲಿ ‘ಮಾಹಿತಿ ಇಲ್ಲ’ ಎಂದು ಬರೆದುಕೊಂಡೆ. ಅಮ್ಮ ಅಷ್ಟರಲ್ಲಿ ಕೊಪ್ಪಕ್ಕೆ, ಎದುರಿನ ಗುಡ್ಡದ ತೋಟದವರಿಗೆ ಫೋನು ಹಚ್ಚಿದ್ದರು.

‘ಇಲ್ಲಿ ನಿನ್ನೆ ರಾತ್ರಿ ಒಂದು ನಲವತ್ತು. ನಿಮ್ಮಲ್ಲಿ?’

ಅಲ್ಲಿ ಕಾಫಿ ಕೊಯ್ಲಿನ ಕಾಲ. ಆ ಕಡೆಯ ಗಾಬರಿ ನನಗೂ ಕೇಳಿಸಿತು. ‘ಅಯ್ಯೋ ದೇವರೇ, ಜನವರಿಯಲ್ಲಿ ಒಂದು ನಲವತ್ತಾ? ಕಣದಲ್ಲಿ ಏನಾದ್ರೂ ಒಣಹಾಕಿದ್ರಾ?’

‘ಇಲ್ಲ, ಪುಣ್ಯಕ್ಕೆ ಹೊರಗೆ ಎಂಥದೂ ಇರ್ಲಿಲ್ಲ’ ಎಂದರು ಅಮ್ಮ. ‘ಮಗನೂ ಇರ್ಲಿಲ್ಲ.’