ಹಾಸ್ಟೆಲ್ ಅಣ್ಣ

ತುಮಕೂರಿನ ಯಾವ ಹುಡುಗರ ಹಾಸ್ಟೆಲ್ಲಿಗೆ ಬೇಕಾದರೂ ಹೋಗಿ ನೋಡಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ, ಆದರೆ ಯಾವ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತದೆ ಅಂತ ಬಾಯಿಪಾಠ ಇರುವ ಒಬ್ಬ ಮನುಷ್ಯ ಅಲ್ಲಿ ಇದ್ದೇ ಇರುತ್ತಾನೆ. ಹುಡುಗರು ಅವನನ್ನು ‘ಅಣ್ಣ’ ಅನ್ನುತ್ತಾರೆ. ವಾರ್ಡನ್ ‘ಗೆಸ್ಟ್’ ಅನ್ನುತ್ತಾರೆ. ಅಡುಗೆಯ ಅಕ್ಕ ಎರಡನ್ನೂ ಅನ್ನುವುದಿಲ್ಲ, ‘ಇನ್ನೂ ಹೋಗಿಲ್ವೇನಪ್ಪಾ ನೀನು?’ ಅನ್ನುತ್ತಾಳೆ, ಅಂದುಕೊಂಡೇ ಮುದ್ದೆ ಬಡಿಸುತ್ತಾಳೆ.

ಊರು ಕೇಳಿದರೆ ಕೊರಟಗೆರೆ ಅನ್ನುತ್ತಾನೆ. ಇನ್ನೊಂಚೂರು ಕೆದಕಿದರೆ, ‘ಕೊರಟಗೆರೆ ಟೌನಲ್ಲ, ತೋವಿನಕೆರೆ ಕಡೆ’ ಅನ್ನುತ್ತಾನೆ. ತುಮಕೂರಿಗೂ ಕೊರಟಗೆರೆಗೂ ಮೂವತ್ತು ಕಿಲೋಮೀಟರೂ ಇಲ್ಲ. ಮೇಷ್ಟ್ರುಗಳು, ಗುಮಾಸ್ತರು, ಕಾಲೇಜು ಹುಡುಗಿಯರು ಆ ರಸ್ತೆಯಲ್ಲಿ ದಿನಾ ಹೋಗಿ ಬರುತ್ತಾರೆ. ಅಣ್ಣನಿಗೆ ಮಾತ್ರ ಅದು ಆಗದ ಕೆಲಸ. ‘ದಿನಾ ಬಸ್ಸಲ್ಲಿ ಎರಡು ಗಂಟೆ ಹೋದ್ರೆ ಓದೋಕೆ ಟೈಮೆಲ್ಲೈತೆ?’ ಹಾಗೆ ಉಳಿಸಿದ ಎರಡು ಗಂಟೆಯನ್ನು ಬೆಳಗಿನ ಹೊತ್ತು ಮಂಚದ ಮೇಲೆ ಜೋಪಾನವಾಗಿ ಖರ್ಚು ಮಾಡುತ್ತಾನೆ.

ಅಣ್ಣನೂ ಒಂದು ಕಾಲಕ್ಕೆ ಕಾಯಂ ವಿದ್ಯಾರ್ಥಿಯೇ. ಬಿ.ಎ. ಮಾಡುವಾಗ ಹಾಸ್ಟೆಲ್ ಸೀಟು ಸಿಕ್ಕಿತ್ತು. 2004ರಲ್ಲಿ ತುಮಕೂರಿಗೇ ವಿಶ್ವವಿದ್ಯಾನಿಲಯ ಬಂದಿದ್ದರಿಂದ ಎಂ.ಎ.ಗೆ ಬೇರೆ ಊರು ನೋಡಬೇಕಾಗಲಿಲ್ಲ. ಇತಿಹಾಸದ ಮೇಲಿನ ಪ್ರೀತಿಗೆ ಇತಿಹಾಸ ಎಂ.ಎ. ಮುಗಿಸಿದ. ಸೀಟಿನ ಮೇಲಿನ ಪ್ರೀತಿಗೆ ರಾಜ್ಯಶಾಸ್ತ್ರ ಎಂ.ಎ. ಮುಗಿಸಿದ. ಮೂರನೆಯದಕ್ಕೆ ಅರ್ಜಿ ಬರೆಯುವಾಗ ಗುಮಾಸ್ತರು ಕನ್ನಡಕ ಕೆಳಗಿಳಿಸಿ ನೋಡಿದ್ದಕ್ಕೆ ಮರ್ಯಾದೆಯಿಂದ ಗೆಸ್ಟ್ ಆದ. ಅಂದರೆ, ಜೂನಿಯರ್ ಒಬ್ಬನ ಮಂಚದ ಪಕ್ಕ ಚಾಪೆ ಹಾಸಿದ. ಈಗ ಚಾಪೆಯ ಮೇಲೆ ಆ ಜೂನಿಯರ್ ಮಲಗುತ್ತಾನೆ.

ರೂಮಿನ ಗೋಡೆ ಅಣ್ಣನ ಆಸ್ತಿ. ಒಂದು ಕಡೆ ಭಾರತದ ಭೂಪಟ, ಅದರ ಮೇಲೆ ಅಡ್ಡಲಾಗಿ ಕಟ್ಟಿದ ಹಗ್ಗ, ಹಗ್ಗದ ಮೇಲೆ ಬನಿಯನ್ನು. ಕಾಶ್ಮೀರ ಕಾಣಬೇಕಾದರೆ ಬನಿಯನ್ನು ಒಣಗಬೇಕು. ಇನ್ನೊಂದು ಕಡೆ ಗೋಂದು ಹಚ್ಚಿ ಅಂಟಿಸಿದ ಟೈಂಟೇಬಲ್: ಬೆಳಗ್ಗೆ ಐದಕ್ಕೆ ಏಳುವುದು, ಐದೂಕಾಲಕ್ಕೆ ಸಂವಿಧಾನ. ಬರೆದ ಕೈಯೇ ಅದರ ಕೆಳಗೆ ‘ಸೋಮವಾರದಿಂದ’ ಅಂತ ಸೇರಿಸಿದೆ. ಯಾವ ಸೋಮವಾರ ಅಂತ ತಾರೀಖು ಹಾಕಿಲ್ಲ.

ಆದರೆ ಅಣ್ಣನಿಲ್ಲದೆ ಹಾಸ್ಟೆಲ್ ನಡೆಯುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಎಷ್ಟು ಹೊತ್ತಿಗೆ ಹೋದರೆ ಸರ್ವರ್ ಎದ್ದಿರುತ್ತದೆ, ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಆಧಾರ್ ಹೆಸರೂ ಮಾರ್ಕ್ಸ್ ಕಾರ್ಡಿನ ಹೆಸರೂ ತಾಳೆಯಾಗದಿದ್ದರೆ ಏನು ಮಾಡಬೇಕು, ಎಲ್ಲಕ್ಕೂ ಅವನೇ ದಿಕ್ಕು. ಹೊಸದಾಗಿ ಸೇರಿದ ಹುಡುಗ ಮೊದಲನೆಯ ರಾತ್ರಿ ಟ್ರಂಕಿನ ಮೇಲೆ ಕೂತು ಅಳುತ್ತಿದ್ದರೆ ಪಕ್ಕದಲ್ಲಿ ಕೂರುವವನೂ ಅವನೇ. ‘ಅಳಬೇಡ ಕಣ್ಲಾ, ಇವತ್ತು ರಾತ್ರಿ ಸಾರು ಚೆನ್ನಾಗೈತೆ. ನಾಳೆ ಉಪ್ಪಿಟ್ಟು, ಬೇಕಾದ್ರೆ ನಾಳೆ ಅಳುವಂತೆ.’

ಹಾಸ್ಟೆಲ್ಲಿನಲ್ಲಿರುವ ತನ್ನ ಹಕ್ಕಿಗೆ ಅಣ್ಣ ಇತಿಹಾಸದ ಆಧಾರ ಕೊಡುತ್ತಾನೆ. ‘ನಮ್ಮ ಜಿಲ್ಲೆಯ ಗುಬ್ಬಿ ತೋಟದಪ್ಪನೋರು ಬೆಂಗಳೂರು ರೈಲ್ವೆ ಸ್ಟೇಷನ್ ಹತ್ರ 1903ರಲ್ಲಿ ಕಟ್ಟಿಸಿದ್ದು ಏನು? ಛತ್ರ. ವಿದ್ಯಾರ್ಥಿನಿಲಯ ಆಮೇಲೆ ಬಂದದ್ದು. ಅಂದ್ರೆ ಇತಿಹಾಸದಲ್ಲಿ ಗೆಸ್ಟೇ ಫಸ್ಟು, ಸ್ಟೂಡೆಂಟು ನೆಕ್ಸ್ಟು.’ ರಜೆಯಲ್ಲಿ ಹುಡುಗರನ್ನು ಸಿದ್ಧರಬೆಟ್ಟಕ್ಕೆ ಕರೆದುಕೊಂಡು ಹೋದಾಗ ಗವಿಯ ಮುಂದೆ ನಿಂತು ಎರಡನೆಯ ಆಧಾರ ಕೊಡುತ್ತಾನೆ: ‘ಸಿದ್ಧರು ಇಲ್ಲಿ ಕೂತು ತಪಸ್ಸು ಮಾಡಿದ್ರಲ್ಲ, ಯಾರಾದ್ರೂ ಬಂದು ಬಯೋಮೆಟ್ರಿಕ್ ಕೊಡಿ ಅಂದ್ರಾ?’

ಮೂರನೆಯ ಆಧಾರ ಎಚ್. ನರಸಿಂಹಯ್ಯನವರು. ಓಹಿಯೋದಲ್ಲಿ ಡಾಕ್ಟರೇಟ್ ಮಾಡಿ ಬಂದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನೇ ಮನೆ ಮಾಡಿಕೊಂಡು, 2005ರಲ್ಲಿ ತೀರಿಕೊಳ್ಳುವ ತನಕ ಒಂಟಿಯಾಗಿ ಸರಳವಾಗಿ ಬದುಕಿದವರು. ‘ಎಚ್ಚೆನ್ ಗೌರಿಬಿದನೂರಿನೋರು. ನಮ್ಮ ಪಕ್ಕದ ತಾಲ್ಲೂಕು. ಆ ಕಡೆ ಗಾಳಿನೇ ಹಂಗೆ’ ಅನ್ನುತ್ತಾನೆ ಅಣ್ಣ.

‘ಅಣ್ಣಾ, ಅವ್ರು ಪ್ರಿನ್ಸಿಪಾಲ್ ಆಗಿದ್ರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರೂ ಆಗಿದ್ರು.’

‘ನಾನೇನು ಆಗಲ್ಲ ಅಂದ್ನಾ?’

ಅಣ್ಣ ಆಗುತ್ತೇನೆ ಅಂದದ್ದು ಪಿಎಸ್‌ಐ. ಆ ದಿನಗಳಲ್ಲಿ ಗೋಡೆಯ ಟೈಂಟೇಬಲ್ಲಿಗೆ ಮೊದಲ ಸಲ ಜೀವ ಬಂದು, ಐದಕ್ಕೇ ಎದ್ದು ಗ್ರೌಂಡಿನಲ್ಲಿ ಓಡುತ್ತಿದ್ದ. 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆಯಾಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಅವತ್ತಿಗೆ ಅಣ್ಣನ ಓಟವೂ ರದ್ದಾಯಿತು, ಮುದ್ದೆ ಮಾತ್ರ ಮುಂದುವರಿಯಿತು. 2024ರ ಜನವರಿಯಲ್ಲಿ ಮರುಪರೀಕ್ಷೆ ಬಂದಾಗ ಹಳೆಯ ಪ್ಯಾಂಟಿನ ಗುಂಡಿ ಒಪ್ಪಲಿಲ್ಲ. ಅದೇ ವರ್ಷ 384 ಹುದ್ದೆಗಳ ಕೆಎಎಸ್ ಬಂತು. ಆಗಸ್ಟಿನಲ್ಲಿ ನಡೆದ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಅನುವಾದ ಕೆಟ್ಟು ಕೆರ ಹಿಡಿದಿತ್ತು ಅಂತ ಗಲಾಟೆಯಾಗಿ ಡಿಸೆಂಬರಿನಲ್ಲಿ ಮತ್ತೆ ಬರೆಸಿದರು. ‘ನಾನು ಫೇಲಾಗಿದ್ದು ಕಮ್ಮಿ ಕಣ್ರೋ, ಪರೀಕ್ಷೆಗಳು ಫೇಲಾಗಿದ್ದೇ ಜಾಸ್ತಿ’ ಅನ್ನುತ್ತಾನೆ. ಇದೊಂದು ಮಾತಿಗೆ ಮಾತ್ರ ಹುಡುಗರು ನಗುವುದಿಲ್ಲ. ಅವರೂ ಅರ್ಜಿ ಹಾಕಿದವರೇ.

ನಡುವೆ ಯುವನಿಧಿ ಬಂತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ. ಅಣ್ಣ ಕ್ಷೌರ ಮಾಡಿಸಿ, ಹೊಸ ಫೋಟೋ ತೆಗೆಸಿಕೊಂಡು ಹೋದ. 2022-23ರ ಸಾಲಿನಲ್ಲಿ ಪಾಸಾದವರಿಂದ ಲೆಕ್ಕ ಶುರು, ಅದಕ್ಕೂ ಹಿಂದಿನವರಿಗೆ ಇಲ್ಲ ಅಂದರು. ವಾಪಸು ಬಂದು ಬೂಟು ಬಿಚ್ಚುತ್ತಾ, ‘ನಿರುದ್ಯೋಗದಲ್ಲೂ ನಾವು ಸೀನಿಯರ್ ಆಗಿಬಿಟ್ವಲ್ಲೋ’ ಅಂದ.

ಆದರೆ ಅಣ್ಣನಿಗೆ ನಿಜವಾದ ಇಕ್ಕಟ್ಟು ತಂದದ್ದು ಶಕ್ತಿ ಯೋಜನೆ. 2023ರ ಜೂನ್ 11ಕ್ಕೆ ಮುಂಚೆ ಅವ್ವ ಹಾಸ್ಟೆಲ್ಲಿಗೆ ಬರುತ್ತಿದ್ದದ್ದು ಯುಗಾದಿಗೊಮ್ಮೆ, ಗೌರಿಹಬ್ಬಕ್ಕೊಮ್ಮೆ. ಹೆಂಗಸರಿಗೆ ಬಸ್ ಚಾರ್ಜು ಹೋದ ಮೇಲೆ ಆಧಾರ್ ಕಾರ್ಡು ಹಿಡಿದು ಯಾವಾಗ ಬೇಕಾದರೂ ಗೇಟಿನ ಹತ್ತಿರ ಪ್ರತ್ಯಕ್ಷ. ಅವ್ವನಿಗೆ ಮಗ ‘ದೊಡ್ಡ ಓದು’ ಓದುತ್ತಿದ್ದಾನೆ. ಬರಿಗೈಲಿ ಬರುವುದುಂಟೆ? ಹುರಿದ ಕಡ್ಲೆಕಾಯಿ, ಚಟ್ನಿಪುಡಿ ಆದರೆ ತೊಂದರೆಯಿಲ್ಲ. ಒಂದು ಆಷಾಢದಲ್ಲಿ ಹೊಲದ ಬದುವಿನ ಮರದ್ದು ಅಂತ ಎದೆಯೆತ್ತರದ ಚೀಲದಲ್ಲಿ ಹಲಸಿನ ಹಣ್ಣು ತಂದಳು.

ಹಣ್ಣನ್ನು ಮಂಚದ ಕೆಳಗೆ ಬಚ್ಚಿಟ್ಟು ಬೆಡ್‌ಶೀಟು ಇಳಿಬಿಟ್ಟರು. ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ ವಾಸನೆ ಮೆಟ್ಟಿಲಿಳಿದು ಆಫೀಸ್ ರೂಮಿನ ತನಕ ಹೋಯಿತು. ರಾತ್ರಿ ಬಾಗಿಲು ಹಾಕಿಕೊಂಡು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಕೈಗೂ ಚಾಕುವಿಗೂ ಸವರಿಕೊಂಡು, ‘ಪ್ರಜಾವಾಣಿ’ ಹಾಸಿ ಕೊಯ್ದರು. ಒಳಗೆ ಕೆಂಪು ತೊಳೆ. ಎಲ್ಲರ ಕೈಯೂ ಮೇಣವಾಗಿದ್ದ ಹೊತ್ತಿಗೆ ಸರಿಯಾಗಿ ವಾರ್ಡನ್ ರೈಡ್. ಅಣ್ಣ ಎಣ್ಣೆಗೈಯಲ್ಲೇ ಹಿಂದಿನ ಕಿಟಕಿಯಿಂದ ಸಜ್ಜಾಕ್ಕೆ, ಸಜ್ಜಾದಿಂದ ಕಾಂಪೌಂಡಿನ ಆಚೆಗೆ ಇಳಿದ.

ವಾರ್ಡನ್ ಒಳಗೆ ಬಂದು ತಲೆ ಎಣಿಸಿದರು. ಸರಿಯಾಗಿತ್ತು. ಚಪ್ಪಲಿ ಎಣಿಸಿದರು. ಒಂದು ಜೊತೆ ಜಾಸ್ತಿ.

‘ಯಾವೂರ್ದು ಹಣ್ಣು?’

‘ಪೇಟೇಲಿ ತಂದಿದ್ದು ಸಾರ್.’

ಒಂದು ತೊಳೆ ಬಾಯಿಗೆ ಹಾಕಿಕೊಂಡು, ಬೀಜವನ್ನು ಪೇಪರಿನ ಅಂಚಿಗೆ ಇಟ್ಟು, ಕಣ್ಣುಮುಚ್ಚಿ ಅಗಿದರು. ‘ಪೇಟೆಗೆ ಇಂಥ ಹಣ್ಣು ಬರಲ್ಲ ಕಣ್ರಯ್ಯ, ಇದು ತೋವಿನಕೆರೆ ಕಡೇದು.’ ಇನ್ನೆರಡು ತೊಳೆ ತಿಂದು ಎದ್ದರು. ಹೋಗುವಾಗ ಕಿಟಕಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: ‘ಆಚೆ ನಿಂತಿರೋರಿಗೂ ನಾಲ್ಕು ತೊಳೆ ಎತ್ತಿಡಿ. ಬರಿಗಾಲಲ್ಲಿ ಮುಳ್ಳು ತುಳಿದಾರು.’

ಅಣ್ಣನ ಕೈಕೆಳಗೆ ಸಂವಿಧಾನ ಕಲಿತ ಹುಡುಗರು ಒಬ್ಬೊಬ್ಬರೇ ಗ್ರಾಮ ಆಡಳಿತ ಅಧಿಕಾರಿ, ಪಿಡಿಒ, ಪೊಲೀಸ್ ಆಗಿ ಹೋದರು. ಸ್ವೀಟ್ ಬಾಕ್ಸ್ ಹಿಡಿದು ಬಂದು ಕಾಲು ಮುಟ್ಟುತ್ತಾರೆ. ಅಣ್ಣ ಮೈಸೂರು ಪಾಕನ್ನು ಮೊದಲು ಅಡುಗೆಯ ಅಕ್ಕನಿಗೆ ಕೊಟ್ಟು ಬಂದು, ಉಳಿದದ್ದರಲ್ಲಿ ದೊಡ್ಡ ತುಂಡು ತಾನೇ ತೆಗೆದುಕೊಂಡು, ‘ಇವ್ನಿಗೆ 368ನೇ ವಿಧಿ ಹೇಳ್ಕೊಟ್ಟಿದ್ದು ನಾನೇ’ ಅನ್ನುತ್ತಾನೆ. ನಿಜವೇ.

ಈಗ ಅಣ್ಣ ಕೊನೆಯದೊಂದು ಅರ್ಜಿ ಹಾಕಿದ್ದಾನೆ. ವಯೋಮಿತಿಗೆ ಇನ್ನು ಕೆಲವೇ ತಿಂಗಳು. ಹುದ್ದೆ: ಹಿಂದುಳಿದ ವರ್ಗಗಳ ಇಲಾಖೆಯಲ್ಲಿ ನಿಲಯ ಮೇಲ್ವಿಚಾರಕ, ಅಂದರೆ ಹಾಸ್ಟೆಲ್ ವಾರ್ಡನ್. ಇಡೀ ಹಾಸ್ಟೆಲ್ ಸಂಭ್ರಮಪಟ್ಟಿತು. ಈ ಕೆಲಸಕ್ಕೆ ಇವನಿಗಿಂತ ಅನುಭವಸ್ಥ ರಾಜ್ಯದಲ್ಲೇ ಇನ್ನೊಬ್ಬನಿಲ್ಲ ಅಂತ ಎಲ್ಲರಿಗೂ ಖಾತ್ರಿ. ಈ ಸಲ ಐದಕ್ಕೆ ನಿಜವಾಗಲೂ ಏಳುತ್ತಿದ್ದಾನೆ. ಹೋದ ವಾರ ಚಾಪೆಯ ಮೇಲಿನ ಜೂನಿಯರ್ ಮೆಲ್ಲಗೆ ಕೇಳಿದ:

‘ಅಣ್ಣಾ, ನನ್ನ ಕೋರ್ಸು ಈ ವರ್ಷ ಮುಗೀತದೆ. ನೀವು ವಾರ್ಡನ್ ಆದ್ರೆ ನಿಮ್ ಹಾಸ್ಟೆಲ್ಲಲ್ಲಿ ನಾನು ಗೆಸ್ಟಾಗಿ ಇರಬಹುದಲ್ವಾ?’

ಅಣ್ಣ ಪುಸ್ತಕದಿಂದ ತಲೆ ಎತ್ತಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿದ.

‘ಗೆಸ್ಟುಗಿಸ್ಟು ಅಂತ ಬಂದ್ರೆ ಕಾಲು ಮುರೀತೀನಿ ಮಗನೆ. ರೂಲ್ಸ್ ಅಂದ್ರೆ ರೂಲ್ಸು.’