ಅರೆಗೀಚು ಮೀಮಾಂಸೆ ಅರ್ಥಾತ್ ಕನ್ನಡಿಗೆರೆಯ ಚಿತ್ರಶಾಸ್ತ್ರ

ಮಂಗಳಾಚರಣೆ

ಶಾಸ್ತ್ರವೆಂದ ಮೇಲೆ ವಿಘ್ನೇಶ್ವರನಿಂದ ಆರಂಭವಾಗಬೇಕು. ಪ್ರಕೃತ ಶಾಸ್ತ್ರಕ್ಕೆ ಮೊದಲ ವಿಘ್ನ ಬಂದದ್ದೂ ಅಲ್ಲಿಂದಲೇ. ಟ್ಯಾಬ್ಲೆಟ್ಟಿನ ಪರದೆಯ ನಡುವೆ ಲಂಬವಾಗಿ ಕನ್ನಡಿಗೆರೆ ನಿಲ್ಲಿಸಿ ಎಡಕ್ಕೊಂದು ಮೊರದಗಲ ಕಿವಿ ಬರೆದರೆ ಬಲಕ್ಕೊಂದು ತಾನೇ ಮೂಡುತ್ತದೆ. ಕಣ್ಣು, ಕಿರೀಟ, ಹೊಟ್ಟೆ ಎಲ್ಲವೂ ಹೀಗೆಯೇ: ಅರ್ಧ ಶ್ರಮ, ಪೂರ್ಣ ದೇವರು. ಆಮೇಲೆ ಸೊಂಡಿಲನ್ನು ಎಡಕ್ಕೆ ತಿರುಗಿಸಿದ ಕೂಡಲೇ ಬಲಕ್ಕೂ ಒಂದು ಸೊಂಡಿಲು ಹೊರಟು, ಎರಡೂ ಬೇರೆ ಬೇರೆ ಮೋದಕಕ್ಕೆ ಬಾಯಿ ಹಾಕುತ್ತವೆ. ದಂತದ ಸ್ಥಿತಿ ಇನ್ನೂ ಗಂಭೀರ. ಮುರಿದರೆ ಎರಡೂ ಮುರಿಯುತ್ತವೆ, ಉಳಿದರೆ ಎರಡೂ ಉಳಿಯುತ್ತವೆ. ಆದ್ದರಿಂದ ಸಮಮಿತಿಯನ್ನು ಆಫ್ ಮಾಡಿ ಏಕದಂತನಿಗೆ ನಮಸ್ಕರಿಸಿ, ಮತ್ತೆ ಆನ್ ಮಾಡಿ ಗ್ರಂಥಕ್ಕೆ ಕೈಹಾಕಲಾಗಿದೆ.

ಅನುಬಂಧ ಚತುಷ್ಟಯ

ಈ ಶಾಸ್ತ್ರದ ವಿಷಯ, ಅರ್ಧ ಗೀಚಿ ಪೂರ್ಣ ಹೆಸರು ಪಡೆಯುವ ಬಗೆ. ಸ್ಟೈಲಸ್ ಉಳ್ಳವರೆಲ್ಲ ಇದಕ್ಕೆ ಅಧಿಕಾರಿಗಳು. ನೆಟ್ಟಗೆ ಒಂದು ಗೆರೆ ಎಳೆಯಲು ಬಾರದವರು ವಿಶೇಷಾಧಿಕಾರಿಗಳು. ಸಂಬಂಧವನ್ನು ಹೀಗೆ ತಿಳಿಯತಕ್ಕದ್ದು: ಗೀಚಿದ್ದಕ್ಕೂ ಮೂಡಿದ್ದಕ್ಕೂ ಬಿಂಬ ಪ್ರತಿಬಿಂಬ ಸಂಬಂಧ; ಮೂಡಿದ್ದಕ್ಕೂ ಮನಸ್ಸಿನಲ್ಲಿದ್ದದ್ದಕ್ಕೂ ಯಾವ ಸಂಬಂಧವೂ ಇಲ್ಲ. ಸದ್ಯದ ಪ್ರಯೋಜನ ಫೋನಿಗೊಂದು ವಾಲ್‌ಪೇಪರ್. ಮೋಕ್ಷವನ್ನು ಮುಂದಿನ ಅಪ್‌ಡೇಟಿನಲ್ಲಿ ಸೇರಿಸಲಾಗುವುದು.

ಆಚಾರ್ಯ ಪರಂಪರೆ

ಆಟಿಕೆಯ ಮೇಲೂ ಒಂದು ಶಾಸ್ತ್ರವೇ ಎಂದು ಮೂಗು ಮುರಿಯುವವರಿಗೆ ಗುರುಪರಂಪರೆಯನ್ನು ತೋರಿಸಬೇಕಾಗಿದೆ. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್ 1816ರಲ್ಲಿ ಕೆಲಿಡೋಸ್ಕೋಪ್ ಕಂಡುಹಿಡಿದು, 1817ರಲ್ಲಿ ಅದಕ್ಕೆ ಪೇಟೆಂಟ್ ಪಡೆದು, 1819ರಲ್ಲಿ ಅದರ ಮೇಲೆ ಇಡೀ ಒಂದು ಗ್ರಂಥವನ್ನೇ ಬರೆದ. ಕೊಳವೆಯೊಳಗಿನ ಎರಡು ಕನ್ನಡಿಗಳ ನಡುವೆ 60 ಡಿಗ್ರಿ ಕೋನವಿದ್ದರೆ ನೋಟ ಆರು ಪಾಲು, 45 ಇದ್ದರೆ ಎಂಟು ಪಾಲು. ಕೋನದ ಲೆಕ್ಕ ತಪ್ಪಿದರೆ ಅಂಚಿಗೆ ಅಂಚು ಕೂಡುವುದಿಲ್ಲ. ಬ್ರೂಸ್ಟರನಿಗೆ ಕನ್ನಡಿ ಕೂಡಿತು, ಕಾಸು ಕೂಡಲಿಲ್ಲ. ಮಾದರಿಯನ್ನು ಕಂಡ ವ್ಯಾಪಾರಿಗಳು ಪೇಟೆಂಟನ್ನು ಲೆಕ್ಕಿಸದೆ ಮಾಡಿ ಮಾರಿಕೊಂಡರು. ಗಾಜಿನ ಚೂರೊಂದನ್ನು ಎಂಟಾಗಿ ಕಾಣಿಸುವ ಯಂತ್ರ ತಾನೇ ಸಾವಿರಾರಾಗಿ ನಕಲಾದದ್ದನ್ನು ನಮ್ಮ ಶಾಸ್ತ್ರವು ಪ್ರತಿಬಿಂಬ ನ್ಯಾಯವೆಂದು ಕರೆಯುತ್ತದೆ.

ಎರಡನೆಯ ಆಚಾರ್ಯ, ಜರ್ಮನಿಯ ವೈದ್ಯಕವಿ ಯುಸ್ಟಿನುಸ್ ಕೆರ್ನರ್. ಮುಪ್ಪಿನಲ್ಲಿ ದೃಷ್ಟಿ ಮಂದವಾಗಿ ಕಾಗದದ ಮೇಲೆ ಶಾಯಿ ಚೆಲ್ಲತೊಡಗಿದಾಗ ಇವನು ಕಾಗದವನ್ನು ಮಡಿಸಿ ಒತ್ತಿ, ಬಿಡಿಸಿದಾಗ ಕಂಡ ಭೂತಪ್ರೇತಗಳಿಗೆ ಪದ್ಯ ಕಟ್ಟಿದ. 1862ರಲ್ಲಿ ತೀರಿಕೊಂಡ ಅವನ ಆ ಪದ್ಯಗಳ ಪುಸ್ತಕ ಅಚ್ಚಾದದ್ದು 1890ರಲ್ಲಿ. ಮೂರನೆಯವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್. 1921ರಲ್ಲಿ ಅಂಥ 10 ಶಾಯಿಕಲೆಗಳನ್ನು ಮುಂದಿಟ್ಟು, ಇದೇನು ಕಾಣುತ್ತದೆ ಎಂದು ಕೇಳುವುದನ್ನೇ ಪರೀಕ್ಷೆಯಾಗಿಸಿದ. ಕವಿ ತನಗೆ ಕಂಡದ್ದನ್ನು ತಾನೇ ಹೇಳಿದ, ವೈದ್ಯ ರೋಗಿಯ ಬಾಯಲ್ಲಿ ಹೇಳಿಸಿದ. ಇಂದಿನ ಚಿತ್ರಕಾರ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ನೆಂಟರಿಷ್ಟರಿಂದ ಹೇಳಿಸುತ್ತಾನೆ.

ಸೂತ್ರಭಾಷ್ಯ

ಸೂತ್ರ 1: ನಡುಗೆರೆಯಿದ್ದಲ್ಲಿ ಮೋರೆಯಿದೆ.

ಭಾಷ್ಯ: ಹೂಬಳ್ಳಿ ಬರೆಯಲೆಂದು ಹೊರಟರೂ ಎರಡು ಸುರುಳಿ ಬಿದ್ದೊಡನೆ ಅವು ಕಣ್ಣಾಗುತ್ತವೆ, ಕೆಳಗೆ ಗೆರೆಗಳು ಕೂಡಿದಲ್ಲಿ ಮೂಗೇಳುತ್ತದೆ. ಕಡೆಗೆ ಉಳಿಯುವುದು ಗೂಬೆ, ಚಿಟ್ಟೆ, ರಾಕ್ಷಸ, ಈ ಮೂರರಲ್ಲೊಂದು. ಹೆಣ್ಣಿನ ಚಿತ್ರವಾದರೆ ಬೈತಲೆ ನಟ್ಟನಡುವೆಯೇ ಇರತಕ್ಕದ್ದು. ಸೆರಗು ಎರಡೂ ಹೆಗಲ ಮೇಲೆ ಬರುವುದರಿಂದ ಆಕೆ ಉಟ್ಟದ್ದು ಎರಡು ಸೀರೆಯೆಂದು ಊಹಿಸಬೇಕು. ಅರ್ಧನಾರೀಶ್ವರ ಈ ವಿದ್ಯೆಗೆ ಒಲಿಯುವುದೇ ಇಲ್ಲ. ಅವನ ಬಲಭಾಗ ಬರೆದರೆ ಪೂರಾ ಶಿವ, ಎಡಭಾಗ ಬರೆದರೆ ಪೂರಾ ಪಾರ್ವತಿ. ದಾಂಪತ್ಯಕ್ಕೆ ಪರದೆಯಲ್ಲಿ ಜಾಗವಿಲ್ಲ.

ಸೂತ್ರ 2: ಸುತ್ತಿ ಬಂದದ್ದೆಲ್ಲ ಮಂಡಲ.

ಭಾಷ್ಯ: ಐಪ್ಯಾಡಿನವರು ಬಳಸುವ ಪ್ರೊಕ್ರಿಯೇಟಿನಲ್ಲಿ ಡ್ರಾಯಿಂಗ್ ಗೈಡ್ ತೆರೆದು ಸಿಮೆಟ್ರಿಯೊಳಗೆ ರೇಡಿಯಲ್ ಆರಿಸಿದರೆ ಪರದೆ ಎಂಟು ಪಾಲಾಗುತ್ತದೆ. ಅಷ್ಟದಳ ಪದ್ಮಕ್ಕೆ ಹೇಳಿ ಮಾಡಿಸಿದ್ದು. ಐದೆಸಳಿನ ದಾಸವಾಳಕ್ಕೆ ಪ್ರವೇಶವಿಲ್ಲ. ಹಿಮದ ಹರಳಿಗೇಕೆ ಆರೇ ಮೂಲೆ ಎಂದು 1611ರಲ್ಲಿ ಪುಸ್ತಕವನ್ನೇ ಬರೆದ ಖಗೋಳಜ್ಞ ಕೆಪ್ಲರನೂ ಇಲ್ಲಿ ಬಾಗಿಲಲ್ಲೇ ನಿಲ್ಲಬೇಕು, ಇಲ್ಲವೇ ಕ್ರಿತಾ ಎಂಬ ಇನ್ನೊಂದು ಆ್ಯಪಿನ ಮಲ್ಟಿಬ್ರಷ್ ಹಿಡಿದು ಸಂಖ್ಯೆಯನ್ನು ತಾನೇ ನಮೂದಿಸಬೇಕು. ಎಂಟು ಪಾಲಿನೊಳಗೂ ಒಂದು ಗುಟ್ಟಿದೆ. ಪಕ್ಕದ ಪಾಲುಗಳು ಒಂದಕ್ಕೊಂದು ಪ್ರತಿಬಿಂಬ. ಆದ್ದರಿಂದ ಪಾಲಿನ ನಡುವೆ ಇಡೀ ಎಸಳು ಬರೆದರೆ ಎಂಟೆಸಳು. ಸೋಮಾರಿತನದಿಂದ ಅರ್ಧ ಎಸಳು ಬರೆದು ಗೆರೆಗೆ ಒರಗಿಸಿದರೆ ನಾಲ್ಕೇ ಎಸಳು. ಸೋಮಾರಿತನಕ್ಕೂ ಗಣಿತ ಬೇಕು.

ಒಂದು ಬಿಂದುವಿನ ಸುತ್ತಲ ಸಮಮಿತಿಯಲ್ಲಿ ಎರಡೇ ಕುಲ. ಕನ್ನಡಿಯೂ ತಿರುಗಣೆಯೂ ಇರುವುದು ಒಂದು, ರಥದ ಗಾಲಿಯ ಕುಲ. ತಿರುಗಣೆ ಮಾತ್ರ ಇರುವುದು ಇನ್ನೊಂದು, ಗಾಳಿಗಿರಗಿಟ್ಲೆಯ ಕುಲ. ನಡುಗಟ್ಟಡದ ಸಮಮಿತಿ ಕೆಡದಂತೆ ಸುತ್ತ ಪ್ರಾರ್ಥನಾಗೃಹಗಳನ್ನು ಹೇಗೆ ಜೋಡಿಸಬಹುದೆಂದು ಲೆಕ್ಕ ಹಾಕುತ್ತ ಲಿಯೊನಾರ್ಡೊ ಡ ವಿಂಚಿ ಇದನ್ನು ಕಂಡುಕೊಂಡಿದ್ದನೆಂದು ಗಣಿತಜ್ಞ ಹರ್ಮನ್ ವೈಲ್ ತನ್ನ 1952ರ ಪುಸ್ತಕದಲ್ಲಿ ಹೇಳುತ್ತಾನೆ. ಪ್ರೊಕ್ರಿಯೇಟಿನಲ್ಲಿ ಒಂದು ಕುಲದಿಂದ ಇನ್ನೊಂದಕ್ಕೆ ಹೋಗಲು ರೊಟೇಶನಲ್ ಸಿಮೆಟ್ರಿ ಎಂಬ ಗುಂಡಿಯೊತ್ತಿದರೆ ಸಾಕು. ಕುಲ ಬದಲಿಸುವುದು ಇಷ್ಟು ಸುಲಭವಾಗಿರುವುದು ಈ ಲೋಕದಲ್ಲಿ ಮಾತ್ರ.

ಸೂತ್ರ 3: ಒಂದು ಸಲವಾದರೆ ತಪ್ಪು, ಎಂಟು ಸಲವಾದರೆ ವಿನ್ಯಾಸ.

ಭಾಷ್ಯ: ಇದು ಮಹಾಸೂತ್ರ. ಕೈ ನಡುಗಿ ಗೆರೆ ಜಾರಿತೆನ್ನೋಣ. ಒಂದೇ ಕಡೆ ಜಾರಿದ್ದರೆ ಅಳಿಸಲೇಬೇಕಿತ್ತು. ಎಂಟು ದಿಕ್ಕಿಗೂ ಒಂದೇ ಅಳತೆಯಲ್ಲಿ ಜಾರಿದ್ದರಿಂದ ನೋಡಿದವರು ಜಾಲರಿ ಕೆಲಸ ಎಷ್ಟು ನಾಜೂಕು ಎಂದು ತಲೆದೂಗುತ್ತಾರೆ. ಮರುಕಳಿಸಿದ್ದನ್ನು ಬೇಕೆಂದೇ ಮಾಡಿದ್ದು ಎಂದು ನಂಬುವುದು ಕಣ್ಣಿನ ಸ್ವಭಾವ. ಒಂದೇ ಮಾತನ್ನು ಎಂಟು ವೇದಿಕೆಯಲ್ಲಿ ಆಡಿದಾಗ ಅದು ಸಿದ್ಧಾಂತವಾಗುವುದೂ ಇದೇ ನ್ಯಾಯದಿಂದ. ಅದು ಬೇರೊಂದು ಶಾಸ್ತ್ರದ ವಿಷಯವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ದೋಷ ಪ್ರಕರಣ

ದೋಷಗಳು ಮೂರು. ಹೊಸ ಲೇಯರ್ ತೆರೆದು ಅದಕ್ಕೆ ಸಮಮಿತಿ ಹಚ್ಚುವ ಡ್ರಾಯಿಂಗ್ ಅಸಿಸ್ಟ್ ಕೊಡಲು ಮರೆಯುವುದು ಲೇಯರ್ ದೋಷ. ಇದರಿಂದ ಒಕ್ಕಣ್ಣ ರಾಕ್ಷಸರು ಜನಿಸುತ್ತಾರೆ. ನಡುಗೆರೆಯನ್ನು ಮುಟ್ಟದೆ ತುಟಿಯನ್ನು ನಿಲ್ಲಿಸುವುದು ಸೀಳು ದೋಷ. ಬಣ್ಣ ತುಂಬಿದಾಗ ಆ ಸಂದಿನಿಂದ ಹೊರಗೆ ಹರಿದು ಇಡೀ ಕ್ಯಾನ್ವಾಸ್ ಕೆಂಪಾಗುತ್ತದೆ. ಸಮಮಿತಿಯನ್ನು ಆಫ್ ಮಾಡದೆ ಹೆಸರು ಬರೆಯುವುದು ಸಹಿ ದೋಷ. ಎಂಟು ಸಹಿಗಳಲ್ಲಿ ನಾಲ್ಕು ಯಾವ ಲಿಪಿಯದೂ ಅಲ್ಲ. ಮೂರಕ್ಕೂ ಪ್ರಾಯಶ್ಚಿತ್ತ ಒಂದೇ: ಎರಡು ಬೆರಳಿನಿಂದ ಪರದೆಯನ್ನು ತಟ್ಟಿ, ಮಾಡಿದ್ದನ್ನು ಮಾಡಲಿಲ್ಲವೆಂದು ಹೇಳುವುದು.

ಪೂರ್ವಪಕ್ಷ

ಇಲ್ಲಿ ಅಜ್ಜಿಯೊಬ್ಬರು ಪೂರ್ವಪಕ್ಷ ಹೂಡುತ್ತಾರೆ: “ಹೊಸ್ತಿಲ ಮುಂದೆ 15 ಚುಕ್ಕಿಯಿಂದ ಒಂದರವರೆಗೆ ಇಟ್ಟು ದಿನಾ ರಂಗೋಲಿ ಬಿಡ್ತೀನಲ್ಲೋ, ನಾನು ಯಾವ ಗುಂಡಿ ಒತ್ತಿದೆ?”

ಸಿದ್ಧಾಂತಿ: “ನಿಮ್ಮದು ಶುದ್ಧ ಸಮಮಿತಿಯಲ್ಲ ಅಜ್ಜಿ. ಆ ಮೂಲೆಯ ಎಸಳು ಉಳಿದವಕ್ಕಿಂತ ದಪ್ಪ ಇದೆ.”

ಅಜ್ಜಿ: “ಅಷ್ಟು ಹೊತ್ತಿಗೆ ಒಳಗೆ ಹಾಲು ಉಕ್ತಿತ್ತು ಕಣೋ. ಬೇಗ ಮುಗಿಸಿ ಎದ್ದೆ. ನಿನ್ನ ಎಂಟರಲ್ಲಿ ಹಾಲುಕ್ಕಿದ್ದು ಯಾವುದು, ತೋರಿಸು?”

ಶಾಸ್ತ್ರಗ್ರಂಥಗಳಲ್ಲಿ ಈ ಹಂತದಲ್ಲಿ ಪೂರ್ವಪಕ್ಷ ಸೋಲುವುದು ವಾಡಿಕೆ. ಇಲ್ಲಿ ವಾಡಿಕೆ ತಪ್ಪಿದೆ. ಎಂಟು ಎಸಳಿನಲ್ಲಿ ಸಿದ್ಧಾಂತಿ ಬರೆದದ್ದು ಒಂದನ್ನೇ. ಮಿಕ್ಕ ಏಳರ ಹೊತ್ತಿಗೆ ಅವನ ಮನೆಯಲ್ಲಿ ಏನಾಯಿತೆಂದು ಚಿತ್ರಕ್ಕೆ ಗೊತ್ತಿಲ್ಲ.

ಸಿದ್ಧಾಂತ

ಸೂತ್ರ 4: ಆನ್ ಮಾಡಿ ಕಟ್ಟು, ಆಫ್ ಮಾಡಿ ಕೆಡಿಸು.

ಭಾಷ್ಯ: ರಾಕ್ಷಸನ ಮೋರೆಯನ್ನು ಕನ್ನಡಿಯ ಬಲದಿಂದ ಬೇಗ ಕಟ್ಟಿ ಮುಗಿಸಬೇಕು. ಆ ಹಂತದಲ್ಲಿ ಅವನು ಗುರುತಿನ ಚೀಟಿಯ ಫೋಟೊದಲ್ಲಿದ್ದಂತೆ ಇರುತ್ತಾನೆ. ಆಮೇಲೆ ಸಮಮಿತಿಯನ್ನು ಆಫ್ ಮಾಡಿ ಒಂದು ಮೀಸೆಯನ್ನು ಕೆಳಗಿಳಿಸಿ, ಕಿರೀಟವನ್ನು ತುಸು ವಾಲಿಸಬೇಕು. ಕೂಡಲೇ ಅವನಿಗೊಂದು ಮನೆ, ಮನೆಯಲ್ಲೊಂದು ಜಗಳ, ಜಗಳದಲ್ಲಿ ಸೋತ ಮುಖ ಬರುತ್ತದೆ. ಹಾಗೆ ಕೆಡಿಸಲು ಯಾವ ಆ್ಯಪಿನಲ್ಲೂ ಗುಂಡಿಯಿಲ್ಲ, ಕೈಯನ್ನೇ ಬಳಸಬೇಕು.

ಫಲಶ್ರುತಿ

ಈ ಮೀಮಾಂಸೆಯನ್ನು ದಿನಕ್ಕೊಮ್ಮೆ ಓದಿದವರಿಗೆ ಬಚ್ಚಲುಮನೆಯ ಟೈಲ್ಸಿನಲ್ಲಿ ಗೂಬೆಗಳು ಕಾಣುತ್ತವೆ. ಎರಡು ಸಲ ಓದಿದವರಿಗೆ ಆ ಗೂಬೆಗಳಲ್ಲಿ ನೆಂಟರ ಹೋಲಿಕೆಯೂ ಸಿಗುತ್ತದೆ. ಅರ್ಧ ಓದಿ, ಉಳಿದರ್ಧವೂ ಹೀಗೆಯೇ ಇದ್ದೀತೆಂದು ಮಡಚಿಟ್ಟವರಿಗೂ ಪೂರ್ಣ ಫಲವುಂಟು. ಪುಸ್ತಕ ವಿಮರ್ಶಕರು ಬಹುಕಾಲದಿಂದ ಈ ಮಾರ್ಗದಲ್ಲೇ ಸಿದ್ಧಿ ಪಡೆಯುತ್ತಿದ್ದಾರೆ.