ಹಲ್ಲು ನೋಡುವ ಕ್ರಮ

(ಮಿಜಾರಿನ ಹೋಟೆಲು. ಚಾ, ಬನ್ಸು.)

ಸಂಜೀವ: ಭಟ್ರೇ, ಅಮೆರಿಕದಲ್ಲಿ ಮಂತ್ರಿಯಾಗುವವರನ್ನು ಸೆನೆಟಿನವರು ಎದುರು ಕೂರಿಸಿ ಗಂಟೆಗಟ್ಟಲೆ ಜಾಲಾಡ್ತಾರಂತೆ. 2025ರಲ್ಲಿ ರಕ್ಷಣಾ ಮಂತ್ರಿಯಾಗಲು ಹೊರಟ ಹೆಗ್ಸೆತ್‌ಗೆ 50-50 ಆಗಿ, ಕೊನೆಗೆ ಉಪಾಧ್ಯಕ್ಷರ ವೋಟಿನಿಂದ ಬಚಾವ್!

ಭಟ್ರು: ನಮ್ಮಲ್ಲಿ ಆ ರಗಳೆ ಇಲ್ಲ ಮಾರಾಯ. ಸಂವಿಧಾನದ 164ನೇ ವಿಧಿ. ಮುಖ್ಯಮಂತ್ರಿ ಪಟ್ಟಿ ಕೊಡುವುದು, ರಾಜ್ಯಪಾಲರು ಪ್ರಮಾಣವಚನ ಬೋಧಿಸುವುದು.

ಸಂಜೀವ: ಶಾಸಕರು ಎಂತದೂ ಕೇಳುವುದಿಲ್ವಾ?

ಭಟ್ರು: ಕೇಳದೆ ಉಂಟಾ? ‘ನನಗೆ ಯಾಕಿಲ್ಲ?’ ಅಂತ. 224 ಜನಕ್ಕೆ ಹೆಚ್ಚೆಂದರೆ 34 ಕುರ್ಚಿ, ಮುಖ್ಯಮಂತ್ರಿಯದ್ದೂ ಸೇರಿ.

ಸಂಜೀವ: ಪರೀಕ್ಷೆ?

ಭಟ್ರು: ಜಾತಿ, ಜಿಲ್ಲೆ, ದೆಹಲಿಯ ವಿಮಾನ.

ಸಂಜೀವ: ಶಾಸಕನೇ ಅಲ್ಲದಿದ್ರೆ?

ಭಟ್ರು: 6 ತಿಂಗಳು ನಡೀತದೆ.

ಸಂಜೀವ: ಕಂಬಳದಲ್ಲಿ ಕೋಣ ಕಿರಿಯವೋ ಹಿರಿಯವೋ ಅಂತ ಹಲ್ಲಾದರೂ ನೋಡ್ತಾರೆ!

ಭಟ್ರು: ಕೋಣ ಓಡ್ಬೇಕಲ್ಲ ಮಾರಾಯ. ಇವರು ಕೂತರಾಯ್ತು.